ಇಳಿಜಾರು ಮಾಡಿನ ಕೆಳಗೆ ಬೆಡ್‌ರೂಮ್: ಮೊದ್ಲು ಟೇಪ್ ಹಿಡೀರಿ, ಬಣ್ಣ ಆಮೇಲೆ

ಪ್ರಶ್ನೆ: ನಮ್ದು ಸಾಗರದ ಹತ್ರ ಹಳೇ ಹಂಚಿನ ಮನೆ. ಮಗಳು ಬೆಂಗಳೂರು ಬಿಟ್ಟು ಊರಿಗೆ ಬರ್ತಿದಾಳೆ, ಮನೆಯಿಂದ್ಲೇ ಕೆಲ್ಸ ಮಾಡ್ತಾಳಂತೆ. ಅವಳಿಗೆ ಮೇಲಿನ ಅಟ್ಟಾನೇ ಬೆಡ್‌ರೂಮ್ ಮಾಡೋಣ ಅಂತ. ಉದ್ದ 16 ಅಡಿ, ಅಗಲ 14. ಎರಡೂ ಪಕ್ಕ ಗೋಡೆ ನಾಲ್ಕೂವರೆ ಅಡಿ ಅಷ್ಟೇ, ಮಧ್ಯ ಕೋಡಿನ ಕೆಳಗೆ ಎಂಟೂವರೆ. ಬಡಗಿ ಏಳಡಿಗೆ ಪಿವಿಸಿ ಸೀಲಿಂಗ್ ಹೊಡೆದ್ಬಿಡೋಣ, ನೀಟಾಗತ್ತೆ ಅಂತಾರೆ. ಅತ್ತೆಯವರ ಬೀಟೆ ಮಂಚ ಇದೆ, ಸೊಳ್ಳೆಪರದೆ ಕಂಬ ಇರೋದು, ಅದನ್ನ ಹಾಕ್ಬೇಕು ಅಂತ ಮಗಳಿಗೆ ಆಸೆ. ಮಂಚ ಎಲ್ಲಿ, ಬೀರು ಎಲ್ಲಿ, ಏನ್ ಬಣ್ಣ? ಏಪ್ರಿಲ್‌ನಲ್ಲಿ ಮೇಲೆ ಕಾವು ತಡ್ಯಕ್ಕಾಗಲ್ಲ, ಮಳೆಗಾಲದಲ್ಲಿ ಬೂಷ್ಟು. ಏನ್ ಮಾಡೋದು ಹೇಳಿ.

ಉತ್ತರ:

ನಮಸ್ಕಾರ ಅಕ್ಕ. ಅಳತೆ ಸಮೇತ ಬರ್ದಿದೀರಲ್ಲ, ಅದ್ರಿಂದ ಅರ್ಧ ಕೆಲ್ಸ ಆಯ್ತು. ಮೊದ್ಲೇ ಒಂದು ಮಾತು, ಆ ಪಿವಿಸಿ ಸೀಲಿಂಗ್ ಬೇಡ. ಯಾಕೆ ಅಂತ ಕೆಳಗೆ ವಿವರವಾಗಿ ಹೇಳ್ತೀನಿ, ಆದ್ರೆ ಬಡಗಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ.

ಈ ತರ ಕೋಣೆಯಲ್ಲಿ ಎಲ್ಲ ತೀರ್ಮಾನ ಮಾಡೋದು ಮಾಡಿನ ಇಳಿಜಾರು. ನಿಮ್ಮ ಲೆಕ್ಕದ ಪ್ರಕಾರ ಗೋಡೆಯಿಂದ ಮಧ್ಯಕ್ಕೆ ಏಳಡಿ ಬರೋಷ್ಟರಲ್ಲಿ ಮಾಡು ನಾಲ್ಕಡಿ ಏರತ್ತೆ, ಅಂದ್ರೆ ಸುಮಾರು 30 ಡಿಗ್ರಿ. ಹಾಗಾದ್ರೆ ಮನುಷ್ಯ ತಲೆ ತಗ್ಗಿಸದೆ ನಿಲ್ಲೋಕೆ ಬೇಕಾದ ಆರೂವರೆ ಅಡಿ ಎತ್ತರ ಸಿಗೋದು ಗೋಡೆಯಿಂದ ಮೂರೂವರೆ ಅಡಿ ಈಚೆಗೆ ಬಂದಮೇಲೆ. ಎರಡೂ ಕಡೆ ಮೂರೂವರೆ ಮೂರೂವರೆ ಕಳೀರಿ, ಮಧ್ಯ ಏಳಡಿ ಅಗಲದ ಪಟ್ಟಿ ಉಳೀತು. ಒಂದು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಎರಡು ಗೆರೆ ಎಳ್ದುಬಿಡಿ, ನಿಜವಾಗ್ಲೂ ಎಳೀರಿ, ಆ ಗೆರೆಗಳ ಮಧ್ಯ ನಿಲ್ಲೋ ಜಾಗ ಓಡಾಡೋ ಜಾಗ, ಗೆರೆಯಾಚೆ ಇರೋದು ಮಲಗೋ ಜಾಗ ಕೂರೋ ಜಾಗ ಸಾಮಾನು ಇಡೋ ಜಾಗ. ಇಷ್ಟು ಗೊತ್ತಾದ್ರೆ ಮಂಚ ಎಲ್ಲಿ ಬೀರು ಎಲ್ಲಿ ಅನ್ನೋದು ತಾನಾಗೇ ಬಗೆಹರಿಯತ್ತೆ. ತುಂಬಾ ಜನ ಮಾಡೋದು ಇದಕ್ಕೆ ಉಲ್ಟಾ, ಎತ್ತರ ಇರೋ ಮಧ್ಯದಲ್ಲಿ ಮಂಚ ಹಾಕಿ ಆಮೇಲೆ ಎರಡೂ ಕಡೆ ಬಗ್ಗಿಕೊಂಡು ಓಡಾಡ್ತಾರೆ.

ಈಗ ಸೀಲಿಂಗ್ ವಿಷ್ಯ. ಏಳಡಿಗೆ ಮಟ್ಟಸವಾಗಿ ಹೊಡೆದ್ರೆ ಅದು ಮಧ್ಯದಲ್ಲಿ ಐದಡಿ ಚಿಲ್ರೆ ಅಗಲ ಮಾತ್ರ ಬರತ್ತೆ, ಆಚೆಈಚೆ ಹೆಂಗಿದ್ರೂ ಇಳಿಜಾರೇ. ಅಂದ್ರೆ ಕೋಣೆಗೆ ಇರೋ ಒಂದೇ ಒಂದು ಚಂದ, ಆ ಎತ್ತರ, ಅದನ್ನ ಕಳ್ಕೊಂಡು ಒಂದು ಪ್ಲಾಸ್ಟಿಕ್ ಸುರಂಗ ಸಿಗತ್ತೆ. ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ಹಂಚು ಕಣ್ಣಿಗೆ ಕಾಣ್ದೆ ಹೋಗೋದು. ನಮ್ಮ ಕಡೆ ಮಂಗ ಬಂದು ಹಾರಿ ಹಂಚು ಒಡೆಯೋದು ಹೊಸದೇನಲ್ಲ, ಈಗ ಒಡೆದ್ರೆ ಕೆಳಗಿಂದ ಬೆಳಕು ಕಾಣತ್ತೆ, ಮೇಲಿನ ಹಂಚನ್ನ ಕೈಯಲ್ಲಿ ಸ್ವಲ್ಪ ಎತ್ತಿ ಒಡೆದಿದ್ದನ್ನ ಜಾರಿಸಿ ತೆಗ್ದು ಹೊಸದು ಕೂರಿಸ್ತೀರಿ, ಹತ್ತು ನಿಮಿಷದ ಕೆಲ್ಸ. ಸೀಲಿಂಗ್ ಮುಚ್ಚಿದ್ಮೇಲೆ ನೀರು ಎಲ್ಲಿ ಇಳೀತಿದೆ ಅಂತ ಗೊತ್ತಾಗೋದು ಪಕಾಸಿ, ಅಂದ್ರೆ ಹಂಚು ಹೊರೋ ಓರೆ ಮರ, ಕುಂಬಾದ್ಮೇಲೆ. ಜೊತೆಗೆ ಆ ಮುಚ್ಚಿದ ಜಾಗ ಇಲಿ ಬಾವಲಿಗೆ ಹೇಳಿ ಮಾಡಿಸಿದ್ದು, ರಾತ್ರಿಯೆಲ್ಲ ತಲೆ ಮೇಲೆ ಓಡಾಟ.

ಆದ್ರೆ ಬಡಗಿ ಹೇಳೋದ್ರಲ್ಲಿ ಒಂದು ಸತ್ಯ ಇದೆ, ಅದನ್ನೂ ಹೇಳ್ಬೇಕು. ಹಂಚಿಗೂ ಮನುಷ್ಯನಿಗೂ ಮಧ್ಯ ಇನ್ನೊಂದು ಪದರ ಬೇಕೇ ಬೇಕು. ನಿಮ್ಮ ಮನೇಲಿ ಕೆಳಗಿನ ಜಗಲಿ, ನಡುಮನೆ ಬೇಸಿಗೇಲೂ ತಂಪಾಗಿರತ್ತಲ್ಲ, ಅದಕ್ಕೆ ಕಾರಣಾನೇ ಈ ಅಟ್ಟ. ಬಿಸಿಲಿನ ಕಾವೆಲ್ಲ ಅಟ್ಟ ತಗೊಂಡು, ಅಟ್ಟದ ನೆಲ ಆಗಿರೋ ಮುಚ್ಚಿಗೆ ಅದನ್ನ ಕೆಳಗೆ ಬಿಡ್ದೆ ತಡೀತಿತ್ತು. ಹಿರಿಯರು ಅಲ್ಲಿ ಅಡಿಕೆ, ಹಳೇ ಪಾತ್ರೆ, ಬಾಳೆಗೊನೆ ಇಟ್ರೇ ಹೊರತು ಮಲಗ್ತಿರ್ಲಿಲ್ಲ. ಈಗ ನೀವು ಆ ಕಾವಿನ ಜಾಗದಲ್ಲೇ ಮಗಳನ್ನ ಮಲಗಿಸ್ತಿದೀರಿ, ಹಾಗಾಗಿ ಕಾವು ತಡೆಯೋ ಪದರಾನ ಇನ್ನೂ ಮೇಲಕ್ಕೆ, ಹಂಚಿನ ಕೆಳಗೇ ಒಯ್ಯಬೇಕು. ಇಳಿಜಾರಿನ ಗುಂಟಾನೇ ಹೋಗ್ಬೇಕು, ಮಟ್ಟಸ ಅಲ್ಲ.

ಇದಕ್ಕೆ ಹಳೇ ದಾರಿ ಒಂದಿದೆ, ಕರಾವಳಿ ಕಡೆ ಮನೆಗಳಲ್ಲಿ ನೋಡಿರ್ತೀರಿ, ಮೇಲೆ ಮಂಗಳೂರು ಹಂಚು, ಅದ್ರ ಕೆಳಗೆ ಇನ್ನೊಂದು ಸಾಲು ಚಪ್ಪಟೆ ಸೀಲಿಂಗ್ ಹಂಚು, ಒಳಗಿನ ಮುಖಕ್ಕೆ ಹೂವಿನ ಅಥವಾ ಚೌಕದ ಡಿಸೈನ್. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಆ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ವು, ಮಾಡಿನ ಹಂಚಿನ ಜೊತೆ ಈ ಸೀಲಿಂಗ್ ಹಂಚೂ ಅಲ್ಲಿಂದ್ಲೇ ಊರೂರಿಗೆ ಹೋಗಿದ್ದು. ಎರಡು ಹಂಚಿನ ಮಧ್ಯ ಗಾಳಿ ಆಡೋ ಸಂದಿ ಇರತ್ತೆ, ಅದೇ ಕಾವು ತಡೆಯೋದು. ಈಗ್ಲೂ ಹೊಸದು ಸಿಗತ್ತೆ, ಹಳೇ ಮನೆ ಕೆಡವಿದ ಸಾಮಾನು ಮಾರೋರ ಹತ್ರಾನೂ ಸಿಗತ್ತೆ, ಅದು ಇನ್ನೂ ಚಂದ. ಆದ್ರೆ ಇದಕ್ಕೆ ಹಂಚು ಪೂರ್ತಿ ಇಳಿಸ್ಬೇಕು, ಜೊತೆಗೆ ತೂಕ. ಮಂಗಳೂರು ಹಂಚು ಒಂದೊಂದೂ ಎರಡರಿಂದ ಎರಡೂವರೆ ಕೆಜಿ ಆಸುಪಾಸು, ಮಳೇಲಿ ನೆನೆದ್ರೆ ಇನ್ನೂ ಜಾಸ್ತಿ. ಅದ್ರ ಮೇಲೆ ಇನ್ನೊಂದು ಸಾಲಿನ ತೂಕ ಹಾಕೋ ಮುಂಚೆ ಪಕಾಸಿ, ತೊಲೆ ಗಟ್ಟಿ ಇದ್ಯಾ ಅಂತ ಊರಲ್ಲಿ ಮಾಡು ಕಟ್ಟೋ ಹಳೇ ಬಡಗಿ ಹತ್ರ ತೋರಿಸಿ. ಉಳಿಯಿಂದ ತಿವಿದಾಗ ಸುಲಭಕ್ಕೆ ಒಳಗೆ ಹೋದ್ರೆ, ಮರದ ಕೆಳಗೆ ಸಣ್ಣ ಹಿಟ್ಟು ಉದುರಿದ್ರೆ, ಗೋಡೆ ಮೇಲಿಂದ ಮಣ್ಣಿನ ಗೆರೆ ಹತ್ತಿದ್ರೆ ಮೊದ್ಲು ಒರಲೆ, ಹುಳದ ಚಿಕಿತ್ಸೆ, ಮಿಕ್ಕಿದ್ದೆಲ್ಲ ಆಮೇಲೆ.

ನಿಮಗೆ ನಾನು ಹೇಳೋ ದಾರಿ ಬೇರೆ. ಹೆಂಗಿದ್ರೂ ಹಂಚು ಕೈಯಾಡಿಸೋ, ಅಂದ್ರೆ ತೆಗ್ದು ನೋಡಿ ಮತ್ತೆ ಹೊದಿಸೋ, ಕಾಲ ಬಂದಿರತ್ತೆ, ಈ ಸಲ ಕೈಯಾಡಿಸುವಾಗ ಹಂಚು, ಅದು ಕೂರೋ ಅಡ್ಡ ಪಟ್ಟಿ ರೀಪು, ಎರಡೂ ಇಳಿಸಿ ಪಕಾಸಿ ಮೇಲೆ ತೆಳು ಹಲಗೆ ಹೊಡೆಸಿ, ಅದ್ರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಶೀಟ್ ಹಾಸಿ, ಶೀಟಿನ ಮೇಲೆ ಪಕಾಸಿ ಗುಂಟ ಮೇಲಿಂದ ಕೆಳಕ್ಕೆ ಒಂದಿಂಚು ದಪ್ಪದ ಪಟ್ಟಿ, ಆಮೇಲೆ ಅಡ್ಡಕ್ಕೆ ರೀಪು, ಮೇಲೆ ಹಂಚು. ಆ ಉದ್ದ ಪಟ್ಟಿ ಬಹಳ ಮುಖ್ಯ ಅಕ್ಕ, ಅದನ್ನ ಬಿಟ್ಟು ನೇರ ರೀಪು ಹೊಡೆದ್ರೆ ಎರಡು ಕೆಲ್ಸ ಕೆಡತ್ತೆ. ಒಂದು, ಫಾಯಿಲ್ ಕಾವು ತಡೀಬೇಕಂದ್ರೆ ಹೊಳೆಯೋ ಮುಖದ ಎದುರು ಖಾಲಿ ಜಾಗ ಬೇಕು, ಹಂಚಿಗೆ ಅಂಟಿಕೊಂಡಿದ್ರೆ ಲೋಹದ ಹಾಳೆ ಕಾವು ದಾಟಿಸಿಬಿಡತ್ತೆ. ಎರಡು, ಹಂಚು ಒಡೆದು ನೀರು ಇಳಿದ್ರೆ ಅದು ಶೀಟಿನ ಮೇಲೆ ಜಾರಿ ಸೂರಿಗೆ ಹೋಗ್ಬೇಕು, ಅಡ್ಡ ರೀಪು ಶೀಟಿಗೆ ಒತ್ತಿಕೊಂಡಿದ್ರೆ ಅಲ್ಲೇ ನಿಂತು ಮರ ಕುಂಬತ್ತೆ. ಶೀಟಿನ ತುದಿ ಗೋಡೆ ದಾಟಿ ಸೂರಿನ ಹೊರಗೆ ಬರ್ಬೇಕು, ಕೋಡಿನ ಹತ್ರ ಬಿಸಿಗಾಳಿ ಹೋಗೋಕೆ ಸಂದಿ ಬಿಡ್ಬೇಕು, ಆ ಸಂದಿಗೂ ಸೂರಿನ ಸಂದಿಗೂ ಸಣ್ಣ ಕಣ್ಣಿನ ಸ್ಟೀಲ್ ಮೆಶ್. ಒಳಗಿಂದ ನೋಡಿದ್ರೆ ಏನ್ ಕಾಣತ್ತೆ? ಪಕಾಸಿ ಹಾಗೇ ಕಾಣತ್ತೆ, ಪಕಾಸಿ ಮಧ್ಯ ಹಲಗೆ ಕಾಣತ್ತೆ, ಒಂದಿಂಚು ಎತ್ತರಾನೂ ಕಳ್ಕೊಂಡಿರಲ್ಲ, ಹಂಚು ಒಡೆದ್ರೆ ಮೇಲಿಂದ ಬದಲಾಯಿಸ್ಬಹುದು. ಖರ್ಚು ಪಿವಿಸಿಗಿಂತ ಜಾಸ್ತಿ, ನಿಜ. ಆದ್ರೆ ದುಡ್ಡು ಹಾಕೋದಾದ್ರೆ ಇಲ್ಲೇ ಹಾಕಿ, ಮಂಚ ಕರ್ಟನ್ ಎಲ್ಲ ಹಳೇದೇ ಇರ್ಲಿ. ಹಂಚು ಇಳಿಸೋ ಕೆಲ್ಸ ಜನವರಿಯಿಂದ ಏಪ್ರಿಲ್ ಒಳಗೆ ಮುಗೀಬೇಕು, ಮೇನಲ್ಲಿ ಗುಡುಗು ಮಳೆ ಯಾವಾಗ ಬರತ್ತೋ ಹೇಳಕ್ಕಾಗಲ್ಲ.

ಜಿಪ್ಸಮ್ ಬೋರ್ಡ್ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ನಮ್ಮ ಮಳೆಗಾಲದ ಥಂಡಿಗೆ ಹಂಚಿನ ಕೆಳಗೆ ಅದು ನಿಲ್ಲಲ್ಲ.

ಫ್ಯಾನ್ ಬಗ್ಗೆ ನೀವು ಕೇಳ್ಲಿಲ್ಲ ಆದ್ರೆ ಎಲ್ಲರೂ ಎಡವೋದು ಅಲ್ಲೇ. ಮಾಮೂಲಿ ಸೀಲಿಂಗ್ ಫ್ಯಾನ್ 48 ಇಂಚು, ಅಂದ್ರೆ ಮಧ್ಯದಿಂದ ರೆಕ್ಕೆ ತುದಿಗೆ 24 ಇಂಚು. ಕೋಡಿನಿಂದ ನೇತು ಹಾಕಿದ್ರೆ ಆ 24 ಇಂಚು ದೂರದಲ್ಲಿ ನಿಮ್ಮ ಮಾಡು 14 ಇಂಚು ಕೆಳಗೆ ಇಳಿದಿರತ್ತೆ. ರೆಕ್ಕೆ ತುದಿಗೂ ಮಾಡಿಗೂ ಮಧ್ಯ ಗಾಳಿ ಎಳ್ಕೊಳ್ಳೋಕೆ ಇನ್ನೊಂದು ಎಂಟು ಹತ್ತು ಇಂಚಾದ್ರೂ ಬೇಕು. ಎಲ್ಲ ಕಳೆದ್ರೆ ರೆಕ್ಕೆ ನೆಲದಿಂದ ಆರೂವರೆ ಅಡಿಗೆ ಬಂತು, ಕೈ ಎತ್ತಿ ಮೈಮುರಿದ್ರೆ ಬೆರಳು ಸಿಕ್ಕೊಳ್ಳತ್ತೆ. ಏಳಡಿಗಿಂತ ಕೆಳಗೆ ರೆಕ್ಕೆ ಇರ್ಲೇಬಾರ್ದು. ಹಾಗಾಗಿ ಸೀಲಿಂಗ್ ಫ್ಯಾನ್ ಮರ್ತುಬಿಡಿ, ಕೋಣೆಯ ಎರಡು ತುದಿಯ ಎದುರುಬದುರು ತ್ರಿಕೋನದ ಗೋಡೆಗಳಿಗೆ ಒಂದೊಂದು ವಾಲ್ ಫ್ಯಾನ್ ಹಾಕ್ಸಿ, ಒಂದು ಮಂಚದ ಕಡೆ ಒಂದು ಟೇಬಲ್ ಕಡೆ. ಆ ಗೋಡೆಗಳಲ್ಲಿ ಎದುರುಬದುರು ಕಿಟಕಿ ಇದ್ರಂತೂ ಒಳ್ಳೇದು, ಒಂದೇ ಕಡೆ ಇದ್ರೆ ಇನ್ನೊಂದು ಕಡೆ ಕೋಡಿನ ಹತ್ರ ಎತ್ತರದಲ್ಲಿ ಸಣ್ಣ ಜಾಲರಿ ಕಿಂಡಿ ತೆಗ್ಸಿ, ಬಿಸಿಗಾಳಿ ಮೇಲೇ ಇರತ್ತೆ, ಅಲ್ಲಿಂದ್ಲೇ ಹೋಗ್ಬೇಕು. ಕಿಂಡಿಗೆ ಹೊರಗಿಂದ ಮಳೆ ಎರಚಲು ತಡೆಯೋಕೆ ಓರೆ ಪಟ್ಟಿ ಇರ್ಲಿ. ಎಸಿ ಈಗ್ಲೇ ಬೇಡ, ಹಲಗೆ ಫಾಯಿಲ್ ಆದ್ಮೇಲೆ ಒಂದು ಬೇಸಿಗೆ ನೋಡಿ ತೀರ್ಮಾನ ಮಾಡಿ.

ಈಗ ಅತ್ತೆಯವರ ಮಂಚ. ನಾಲ್ಕಡಿ ಅಗಲದ್ದು ಅಂದ್ಕೊಂಡು ಹೇಳ್ತಿದೀನಿ, ಹಳೇ ಮಂಚ ಸಾಮಾನ್ಯ ಹಾಗೇ ಇರತ್ತೆ. ಅದನ್ನ ಗಿಡ್ಡ ಗೋಡೆಗೆ ಉದ್ದುದ್ದಕ್ಕೆ ಹಾಕಿ, ತಲೆ ಭಾಗ ತ್ರಿಕೋನದ ಗೋಡೆ ಕಡೆ ಬರ್ಲಿ. ಗೋಡೆಗೆ ಪೂರ್ತಿ ಒತ್ತಬೇಡಿ, ಆರಿಂಚು ಸಂದಿ ಇರ್ಲಿ, ಬೆಡ್‌ಶೀಟ್ ಹಾಸೋಕೂ ಆಯ್ತು ಮಳೆಗಾಲದಲ್ಲಿ ಗೋಡೆ ಥಂಡಿ ಹಾಸಿಗೆಗೆ ಏರೋದೂ ತಪ್ತು. ಆಗ ಮಂಚದ ಹೊರ ಅಂಚು ಗೋಡೆಯಿಂದ ನಾಲ್ಕೂವರೆ ಅಡಿಗೆ ಬರತ್ತೆ, ಅಲ್ಲಿ ಮಾಡಿನ ಎತ್ತರ ಏಳಡಿ. ಮಗಳು ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟು ನೇರ ನಿಲ್ಬಹುದು. ಮಂಚದ ಮಧ್ಯದಲ್ಲಿ ಮಾಡು ಹೆಚ್ಚುಕಮ್ಮಿ ಆರಡಿ, ಹಾಸಿಗೆ ಮೇಲೆ ಎದ್ದು ಕೂತ್ರೆ ತಲೆ ಐದಡಿ ದಾಟಲ್ಲ. ಮಲಗಿದಾಗ ಮೇಲೆ ಹತ್ತಿರದಲ್ಲೇ ಇಳಿಜಾರು ಮಾಡು, ಮಳೆ ಸದ್ದು, ಇದಕ್ಕಿಂತ ಬೆಚ್ಚಗಿನ ಜಾಗ ಮನೇಲಿ ಇನ್ನೊಂದಿರಲ್ಲ.

ತೊಂದ್ರೆ ಇರೋದು ಕಂಬದ್ದು. ಹೊರಗಿನ ಎರಡು ಕಂಬಕ್ಕೆ ಎತ್ತರ ಸಾಕು, ಗೋಡೆ ಕಡೆ ಎರಡು ಕಂಬದ ಹತ್ರ ಮಾಡು ಐದಡಿಯೂ ಇಲ್ಲ. ದಯವಿಟ್ಟು ಕಂಬ ಕತ್ತರಿಸ್ಬೇಡಿ, ಬೀಟೆ ಮತ್ತೆ ಸಿಗಲ್ಲ. ಹಳೇ ಮಂಚಗಳಲ್ಲಿ ಕಂಬ ಎಷ್ಟೋ ಸಲ ಕಾಲಿನ ತೂತಲ್ಲಿ ಕೂರಿಸಿರ್ತಾರೆ, ಬರೇ ಎತ್ತಿದ್ರೆ ಬರತ್ತೆ, ವರ್ಷಗಟ್ಲೆ ಪಾಲಿಶ್ ಅಂಟಿ ಬಿಗಿಯಾಗಿರಬಹುದು, ಮರದ ಸುತ್ತಿಗೇಲಿ ಕೆಳಗಿಂದ ಮೆಲ್ಲಗೆ ತಟ್ಟಿ ನೋಡಿ. ನಾಲ್ಕೂ ತೆಗ್ದು ಹಳೇ ಸೀರೆ ಸುತ್ತಿ ಮಂಚದ ಕೆಳಗೇ ಇಟ್ಬಿಡಿ. ಸೊಳ್ಳೆಪರದೆಗೆ ಪಕಾಸಿಗೆ ಹಿತ್ತಾಳೆ ಕೊಕ್ಕೆ ಹೊಡೀರಿ, ಗೋಡೆ ಕಡೆ ಎರಡು ತಗ್ಗಿನಲ್ಲಿ ಹೊರಗಡೆ ಎರಡು ಎತ್ತರದಲ್ಲಿ, ಪರದೆ ಮಾಡಿನ ಓರೆಗೇ ಇಳಿಯತ್ತೆ, ದರ್ಜಿ ಹತ್ರ ಒಂದು ಪಕ್ಕ ಗಿಡ್ಡ ಮಾಡಿಸಿಕೊಂಡ್ರೆ ಮುದ್ದೆ ಆಗ್ದೆ ನೀಟಾಗಿ ನಿಲ್ಲತ್ತೆ. ನನಗೆ ಇಡೀ ಕೋಣೇಲಿ ಚಂದ ಕಾಣೋದು ಅದೇ ಅನ್ಸತ್ತೆ, ಬಿಳೀ ಹತ್ತಿ ಪರದೆ, ಬೀಟೆ ಮಂಚ, ಮೇಲೆ ಮರ.

ಮಂಚ ಮೇಲೆ ಹೋಗತ್ತಾ ಅಂತ ಮೊದ್ಲು ನೋಡ್ಕೊಳ್ಳಿ, ಅಟ್ಟದ ಮೆಟ್ಟಿಲು ಕಡಿದಾಗಿರತ್ತೆ, ಇಕ್ಕಟ್ಟಿರತ್ತೆ. ಮಂಚ ಬಿಚ್ಚಿ ಒಯ್ಬಹುದು, ಆದ್ರೆ ರೆಡಿಮೇಡ್ ಬೀರು ಹತ್ತಲ್ಲ. ಹಾಗಾಗಿ ಬೀರು ಮೇಲೇ ಜೋಡಿಸೋ ತರ ಮಾಡಿಸಿ.

ಬೀರು ಎಲ್ಲಿ ಅಂದ್ರೆ, ಮೆಟ್ಟಿಲು ಹತ್ತಿ ಬರೋ ಜಾಗ ಬಿಟ್ಟು ತ್ರಿಕೋನದ ಗೋಡೆಗೆ, ಮಧ್ಯದ ಎತ್ತರದ ಕಡೆ, ನಾಲ್ಕಡಿ ಅಗಲ ಆರಡಿ ಎತ್ತರದ್ದು ಒಂದೇ ಸಾಕು. ಸೀರೆ, ಉದ್ದ ಡ್ರೆಸ್ ನೇತು ಹಾಕೋದು ಅಲ್ಲಿ. ಮಿಕ್ಕಿದ್ದೆಲ್ಲ ಎದುರಿನ ಗಿಡ್ಡ ಗೋಡೆ ಗುಂಟ, ಮೂರಡಿ ಎತ್ತರದ ಡ್ರಾಯರ್‌ಗಳು, ಕೆಳಗೆ ಗಾಲಿ. ಗಾಲಿ ಯಾಕೆ ಅಂದ್ರೆ ತಿಂಗಳಿಗೊಂದ್ಸಲ ಎಳ್ದು ಹಿಂದೆ ಗುಡಿಸ್ಬೇಕು, ಬೂಷ್ಟು ಬರೋದು ಗಾಳಿಯಾಡದ ಹಿಂಬದಿಯಿಂದ್ಲೇ. ಗೋಡೆಗೆ ಅಂಟಿಸಿ ಕಟ್ಟೋ ಬಿಲ್ಟ್ ಇನ್ ಕಬೋರ್ಡ್ ನೋಡೋಕೆ ಚಂದ, ಆದ್ರೆ ಆಷಾಢ ಶ್ರಾವಣದಲ್ಲಿ ಒಳಗಿನ ಬಟ್ಟೆಯೆಲ್ಲ ಮುಗ್ಗಲು ವಾಸನೆ. ಬಡಗಿ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ತಂದ್ರೆ ವಾಪಸ್ ಕಳ್ಸಿ, ಥಂಡಿಗೆ ಅಂಚು ಉಬ್ಬತ್ತೆ. ಪ್ಲೈವುಡ್ ಆದ್ರೆ ಬಿಡಬ್ಲ್ಯೂಆರ್ ಗ್ರೇಡ್ (ಕುದಿಯೋ ನೀರು ತಡೆಯೋದು) ಅಂತ ಸೀಲು ನೋಡಿ ತಗೊಳ್ಳಿ, ಕತ್ತರಿಸಿದ ಅಂಚು ಬರೇ ಬಿಡ್ದೆ ವಾರ್ನಿಶ್ ಹೊಡೆಸಿ. ಮನೇಲೇ ಹಲಸಿನ ಹಲಗೆ ಇದ್ರೆ ಇನ್ನೇನು ಬೇಕು, ಅದ್ರಲ್ಲೇ ಮಾಡಿಸಿ.

ಟೇಬಲ್ ಕೂಡ ಅದೇ ಗಿಡ್ಡ ಗೋಡೆಗೆ, ಕಿಟಕಿ ಇರೋ ಮೂಲೆಗೆ ಹತ್ರ. ಎರಡಡಿ ಆಳದ ಟೇಬಲ್ ಹಾಕಿ ಕುರ್ಚೀಲಿ ಕೂತ್ರೆ ತಲೆ ಇರೋ ಕಡೆ ಮಾಡು ನೆಲದಿಂದ ಆರಡಿ ಚಿಲ್ರೆ ಎತ್ತರದಲ್ಲಿರತ್ತೆ, ಕುರ್ಚಿ ಹಿಂದೆ ಸರಿಸಿ ಎದ್ರೆ ನಿಲ್ಲೋ ಪಟ್ಟಿಗೇ ಬಂದಿರ್ತಾಳೆ. ಬೆಳಕು ಪಕ್ಕದಿಂದ ಬೀಳತ್ತೆ, ಕಿಟಕಿ ಬೆನ್ನ ಹಿಂದೆ ಬರಬಾರ್ದು, ವಿಡಿಯೋ ಕಾಲ್‌ನಲ್ಲಿ ಮುಖ ಕಪ್ಪಾಗತ್ತೆ.

ಬೆಳಕಿಗೆ ಗಾಜಿನ ಹಂಚು ಹಾಕ್ಸಿ, ಆ ಜಾಗದಲ್ಲಿ ಮಾತ್ರ ಹಲಗೆ ಫಾಯಿಲ್ ಬಿಟ್ಟು ಸುತ್ತ ಅಂಚು ಕಟ್ಟಿಸ್ಬೇಕು. ಇದ್ರಲ್ಲಿ ಆಸೆ ಜಾಸ್ತಿ ಬೇಡ, ಎರಡು ಮೂರು ಸಾಕು, ಉತ್ತರಕ್ಕಿರೋ ಇಳಿಜಾರಿನಲ್ಲಿ ಆದ್ರೆ ಬೆಳಕು ಮಾತ್ರ ಬರತ್ತೆ ಕಾವು ಕಮ್ಮಿ. ನಿಮ್ಮ ಮಾಡು ಪೂರ್ವ ಪಶ್ಚಿಮಕ್ಕಿದ್ರೆ ಪೂರ್ವದ ಕಡೆ ಹಾಕಿ, ಮಂಚದ ನೇರಕ್ಕೆ ಬೇಡ. ದೀಪದ ವಿಷ್ಯಕ್ಕೆ ಬಂದ್ರೆ ಮಧ್ಯ ಒಂದು ಟ್ಯೂಬ್‌ಲೈಟ್ ಹಾಕೋ ಅಭ್ಯಾಸ ಇಲ್ಲಿ ಬೇಡ. ಅಡ್ಡ ತೊಲೆ ಇದ್ಯಲ್ಲ, ಅದ್ರ ಮೇಲ್ಭಾಗದಲ್ಲಿ ಎಲ್‌ಇಡಿ ಸ್ಟ್ರಿಪ್ ಮೇಲ್ಮುಖವಾಗಿ ಅಂಟಿಸಿ, ಬೆಳಕು ಮಾಡಿಗೆ ಬಡಿದು ಇಡೀ ಕೋಣೆಗೆ ಮೆತ್ತಗೆ ಇಳಿಯತ್ತೆ, ದೀಪ ಕಣ್ಣಿಗೆ ಕಾಣಲ್ಲ. 3000 ಕೆಲ್ವಿನ್ ಅಂತ ಕೇಳಿ, ಮರಕ್ಕೆ ಆ ಹಳದಿ ಬೆಳಕೇ ಸರಿ, ಬಿಳೀ ಬೆಳಕಲ್ಲಿ ಮರ ಬೂದು ಕಾಣತ್ತೆ. ವೈರ್ ಎಲ್ಲ ಪೈಪ್ ಒಳಗೇ ಹೋಗ್ಬೇಕು, ಇಲಿ ಕಡಿದ್ರೆ ಮರದ ಮಾಡಿನಲ್ಲಿ ಅದು ಸಣ್ಣ ವಿಷ್ಯ ಅಲ್ಲ.

ಕೊನೇಗೆ ಬಣ್ಣ. ಮೇಲೆ ಮರ ಕಾಣೋದಾದ್ರೆ ಅದಕ್ಕೆ ಬಣ್ಣ ಬೇಡ. ಮೊದ್ಲು ಪಕಾಸಿ ಮೇಲಿನ ಹಳೇ ಇಲ್ಲಣ, ಜೇಡರ ಬಲೆ ಎಲ್ಲ ಬ್ರಷ್‌ನಲ್ಲಿ ಉಜ್ಜಿ ತೆಗ್ಸಿ, ಒದ್ದೆ ಬಟ್ಟೇಲಿ ಒರೆಸಿ, ಒಣಗಿದ್ಮೇಲೆ ಹೊಳಪಿಲ್ಲದ ಮರದ ಎಣ್ಣೆ ಅಥವಾ ಮ್ಯಾಟ್ ಪಾಲಿಶ್. ಹೊಳಪು ವಾರ್ನಿಶ್ ಹೊಡೆದ್ರೆ ದೀಪ ಹಾಕಿದಾಗ ಅಲ್ಲಲ್ಲಿ ಮಿಂಚಿ ಮಾಡು ಇನ್ನೂ ತಗ್ಗು ಅನ್ಸತ್ತೆ. ಗೋಡೆಗಳಿಗೆಲ್ಲ ಒಂದೇ ಬಣ್ಣ, ಕೆನೆ ಬಿಳುಪು ಸಾಕು. ಗಿಡ್ಡ ಗೋಡೆಗೆ ಒಂದು ಬಣ್ಣ ತ್ರಿಕೋನದ ಗೋಡೆಗೆ ಇನ್ನೊಂದು ಗಾಢ ಬಣ್ಣ ಅಂತ ಅಂಗಡಿಯವರು ತೋರಿಸ್ತಾರೆ, ಅದು ಮಟ್ಟಸ ಸೀಲಿಂಗ್ ಇರೋ ಕೋಣೆಗೆ. ಇಲ್ಲಿ ಎಷ್ಟು ಗೆರೆ ಕಾಣತ್ತೋ ಅಷ್ಟು ಕೋಣೆ ಕತ್ತರಿಸಿದ ಹಾಗೆ ಅನ್ಸತ್ತೆ. ಮಣ್ಣಿನ ಗೋಡೆ ಆದ್ರೆ ಪ್ಲಾಸ್ಟಿಕ್ ಎಮಲ್ಶನ್ ಹೊಡಿಬೇಡಿ, ಒಳಗಿನ ಥಂಡಿ ಆರೋಕೆ ದಾರಿಯಿಲ್ದೆ ಪದರ ಪದರ ಎದ್ದು ಬರತ್ತೆ, ಸುಣ್ಣಾನೇ ಹೊಡೀರಿ, ಬೂಷ್ಟಿಗೂ ಸುಣ್ಣ ಒಳ್ಳೇದು. ಮಗಳಿಗೆ ಬಣ್ಣ ಬೇಕೇ ಬೇಕು ಅಂದ್ರೆ ಹಾಸಿಗೆ ಮೇಲೆ ಇರ್ಲಿ, ಕೌದಿ ಹಾಕಿ, ಇಳಕಲ್ ಸೀರೆ ಕರ್ಟನ್ ಮಾಡಿ, ಬೇಜಾರಾದಾಗ ಬದಲಾಯಿಸ್ಬಹುದು.

ಕರ್ಟನ್ ಕಿಟಕಿಯ ಕೆಳ ಅಂಚಿನ ತನಕ ಸಾಕು, ನೆಲದ ತನಕ ಬಿಟ್ರೆ ಮಳೆಗಾಲದಲ್ಲಿ ತುದಿ ಒಣಗಲ್ಲ.

ಕೆಲ್ಸದ ಕ್ರಮ ಹೀಗಿರ್ಲಿ, ಈ ಬೇಸಿಗೇಲಿ ಮಾಡು, ವೈರಿಂಗ್, ಸುಣ್ಣ. ಮಂಚ ಟೇಬಲ್ ಹಾಕಿ ಮಗಳು ಇರೋಕೆ ಶುರು ಮಾಡ್ಲಿ. ಬೀರು ಡ್ರಾಯರ್ ಒಂದು ಮಳೆಗಾಲ ಕಳೆದ್ಮೇಲೆ ಮಾಡಿಸಿ, ಅಲ್ಲಿವರೆಗೆ ಟ್ರಂಕ್‌ನಲ್ಲಿ ಬಟ್ಟೆ ಇರ್ಲಿ. ಯಾವ ಮೂಲೆ ಒದ್ದೆ ಆಗತ್ತೆ, ಗಾಳಿ ಮಳೆಗೆ ಎರಚಲು ಯಾವ ಕಡೆಯಿಂದ ಹೊಡೆಯತ್ತೆ ಅಂತ ಜುಲೈನಲ್ಲೇ ಗೊತ್ತಾಗೋದು, ಆ ಮೂಲೆ ಬಿಟ್ಟು ಮಾಡಿಸಿದ್ರಾಯ್ತು. ಮಾಡಿನ ಬಡಗಿ ನೋಡಿ ಹೋದ್ಮೇಲೆ, ತೊಲೆ ಗೋಡೆ ಮೇಲೆ ಕೂರೋ ಜಾಗದ್ದೂ ಕೋಡಿನ ಹತ್ರ ಪಕಾಸಿ ಸೇರೋ ಜಾಗದ್ದೂ ಹತ್ತಿರದಿಂದ ಫೋಟೋ ತೆಗ್ದು ಕಳ್ಸಿ, ಹಂಚು ಇಳಿಸೋ ಮುಂಚೆ ಅದನ್ನೊಂದು ನೋಡ್ಬಿಡೋಣ.